ಬ್ರೇಕ್ ತುಳೀರಿ, ಬುದ್ಧಿ

ಗಾಡಿಯ ಹಿಂದಿನ ಲೈಟು ರಿಪೇರಿಗೆ ಇಬ್ಬರು ಬೇಕು. ಒಬ್ಬರು ಹಿಂದೆ ನಿಂತು ನೋಡಬೇಕು, ಇನ್ನೊಬ್ಬರು ಒಳಗೆ ಕೂತು ಬ್ರೇಕ್ ತುಳಿಯಬೇಕು. ಹಿಂದಿನವರು ‘ತುಳಿ’ ಅಂದಾಗ ತುಳಿಯಬೇಕು, ‘ಬಿಡು’ ಅಂದಾಗ ಬಿಡಬೇಕು. ತುಳಿದವರಿಗೆ ಲೈಟು ಕಾಣುವುದಿಲ್ಲ, ಲೈಟು ಕಂಡವರಿಗೆ ಪೆಡಲು ಸಿಗುವುದಿಲ್ಲ. ಕೆಲಸವೇ ಹಾಗೆ.

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಒಂದು ರೈಸ್ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟು ಹಸಿರು ಬಣ್ಣದ ಪೆಟ್ಟಿಗೆ ಅಂಗಡಿಯೊಂದಿತ್ತು. ತೊಂಬತ್ತೆಂಟನೇ ಇಸವಿಯ ಸುಮಾರಿನ ಮಾತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಒಡೆದ ಹೆಡ್‌ಲೈಟ್ ಡೂಮುಗಳನ್ನು ತಂತಿಗೆ ಪೋಣಿಸಿ ನೇತುಹಾಕಿದ್ದರು. ಅಲ್ಲಿ ಹಿಂದೆ ನಿಲ್ಲುವವನು ಸಿದ್ದರಾಜು, ಒಳಗೆ ಕೂತು ತುಳಿಯುವವಳು ಅವನ ಹೆಂಡತಿ ಮಂಚಮ್ಮ.

ಸಿದ್ದರಾಜು ನರಸೀಪುರದ ಗ್ಯಾರೇಜೊಂದರಲ್ಲಿ ವೈರಿಂಗ್ ಕಲಿತು ಬಂದವನು. ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡೇ ಅರ್ಧ ಆಯಸ್ಸು ಕಳೆದಿದ್ದ. ಮಾತಾಡಲು ಬಾಯಿ ಖಾಲಿ ಇದ್ದರೆ ತಾನೇ? ಅವನ ಪಾಲಿನ ಮಾತನ್ನೂ ಮಂಚಮ್ಮನೇ ಆಡುತ್ತಿದ್ದಳು. ಕಬ್ಬಿನ ಲಾರಿ, ಹಾಲಿನ ವ್ಯಾನು, ಮ್ಯಾಟಡೋರು, ಡಾಕ್ಟರ ಫಿಯೆಟ್ಟು ಎಲ್ಲದರ ಡ್ರೈವರ್ ಸೀಟಿನಲ್ಲೂ ಅವಳು ಕೂತಿದ್ದಳು. ಒಮ್ಮೆ ಪೊಲೀಸ್ ಜೀಪಿನಲ್ಲೂ ಕೂತಿದ್ದಳು. ನಮ್ಮ ಕೇರಿಯಲ್ಲಿ ಪೊಲೀಸ್ ಜೀಪು ಹತ್ತಿದವರೆಲ್ಲ ಹಿಂದೆ ಕೂತವರು, ಮುಂದೆ ಕೂತವಳು ನಾನೊಬ್ಬಳೇ ಎಂದು ಹೇಳಿಕೊಂಡು ನಗುತ್ತಿದ್ದಳು.

ಅವಳ ಬಲಗಾಲ ಹಿಮ್ಮಡಿಯಲ್ಲಿ ಉದ್ದಕ್ಕೆ ಒಂದು ಸೀಳು ಗಾಯದ ಗುರುತಿತ್ತು. ಕಬ್ಬಿನ ಕೂಳೆ ಚುಚ್ಚಿ ಆದದ್ದು. ಮದುವೆಯಾದ ಹೊಸತರಲ್ಲಿ ಅವಳು ಕಬ್ಬು ಕಡಿಯಲು ಹೋಗುತ್ತಿದ್ದಳು. ಕಡಿಯಬೇಕು, ಸೋಗೆ ಸವರಬೇಕು, ಹೊರೆ ಕಟ್ಟಬೇಕು, ತಲೆ ಮೇಲೆ ಹೊತ್ತು ಲಾರಿಗೆ ತುಂಬಬೇಕು. ಸಂಜೆಗೆ ಕತ್ತು ಎತ್ತಲಾಗುತ್ತಿರಲಿಲ್ಲ. ಗದ್ದೆ ಊರಿನ ಸಾಹುಕಾರ ಗಂಗಾಧರಸ್ವಾಮಿಯದು. ಅವಳು ಮುಟ್ಟಿ, ತಬ್ಬಿ, ಹೊತ್ತ ಆ ಕಬ್ಬು ಸಕ್ಕರೆಯಾಗಿ ಗಂಗಾಧರಸ್ವಾಮಿಯ ಕಾಫಿಗೆ ಬೀಳುವಾಗ ಯಾವ ಮೈಲಿಗೆಯೂ ಇರುತ್ತಿರಲಿಲ್ಲ. ಹಿಮ್ಮಡಿ ಕೀವು ತುಂಬಿ ನಡೆಯಲಾಗದಂತಾದ ವರ್ಷ ಅವಳು ಕುಡುಗೋಲು ಬಿಸಾಡಿ ಗಂಡನ ಪೆಟ್ಟಿಗೆ ಅಂಗಡಿಗೆ ಬಂದು ಕೂತಳು. ಮತ್ತೆ ಆ ಗದ್ದೆಗೆ ಇಳಿಯುವುದಿಲ್ಲ ಎಂದು ಗಂಡನಿಗೆ ಹೇಳಿದಳು, ತನಗೂ ಹೇಳಿಕೊಂಡಳು.

ಅಂಗಡಿ ಒರಗಿದ್ದ ಗೋಡೆಯೂ ಗಂಗಾಧರಸ್ವಾಮಿಯದೇ. ನಿಂತ ನೆಲ ಸರ್ಕಾರದ ರಸ್ತೆಬದಿ. ಆದರೆ ಗೋಡೆಯ ನೆರಳು ಬೀಳುವಷ್ಟು ನೆಲವೂ ತನ್ನದೇ ಎಂದು ಅವನು ತಿಳಿದಿದ್ದ. ಮಿಲ್ಲಿನ ಲಾರಿಗಳ ಲೈಟು ಕೆಟ್ಟರೆ ಕೂಗಿದ ಕೂಡಲೇ ಮಾಡಿಕೊಡುತ್ತಾರೆಂದು ಸುಮ್ಮನಿದ್ದ. ಒಂದು ವಿಷಯಕ್ಕೆ ಮಾತ್ರ ಅವನಿಗೆ ಮಂಚಮ್ಮನ ಮೇಲೆ ಉರಿ. ಅವಳ ಅಪ್ಪ ಅವನ ಅಪ್ಪನನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದ. ಹೆಗಲ ಟವಲು ಕಂಕುಳಿಗೆ ಸೇರಿಸಿ, ಸೊಂಟ ಬಗ್ಗಿಸಿ ಕರೆಯುತ್ತಿದ್ದ. ಮಂಚಮ್ಮ ಲಾರಿ ಡ್ರೈವರುಗಳಿಗೆ ಅನ್ನುವ ಹಾಗೆಯೇ ಇವನಿಗೂ ‘ಸಾ’ ಅನ್ನುತ್ತಿದ್ದಳು.

“ನಿಮ್ಮಪ್ಪ ಬುದ್ಧಿ ಅಂತಿದ್ದ. ನಿಂಗೆ ನಾಲ್ಗೆ ತಿರುಗಾಕಿಲ್ವಾ?” ಎಂದು ಒಮ್ಮೆ ಕೇಳಿಯೂ ಇದ್ದ.

“ತಿರುಗ್ತದೆ ಸಾ. ಟೈಮ್ ಬಂದಾಗ ತಿರುಗಿಸ್ತೀನಿ” ಅಂದಿದ್ದಳು ಮಂಚಮ್ಮ.

ಮಿಲ್ಲಿನಿಂದ ತುಸು ಮುಂದೆ, ಗಂಗಾಧರಸ್ವಾಮಿಯ ಮನೆಯ ಬೀದಿಗೆ ತಿರುಗುವಲ್ಲಿ, ರಸ್ತೆಗೆ ಅಡ್ಡಲಾಗಿ ಒಂದು ಹಂಪು ಇತ್ತು. ಅವನ ತಾಯಿ ಪುಟ್ಟಬಸಮ್ಮ ಬೆಳಿಗ್ಗೆ ದೇವಸ್ಥಾನಕ್ಕೆ ರಸ್ತೆ ದಾಟುವಾಗ ಲಾರಿಗಳು ಮೆಲ್ಲಗೆ ಹೋಗಲಿ ಎಂದು ಅವನೇ ಆಫೀಸು ಆಫೀಸು ಅಲೆದು ಹಾಕಿಸಿದ್ದು. ಅಳತೆ ಗಿಳತೆ ಇಲ್ಲದ ಹಂಪು. ಎತ್ತಿನ ಗಾಡಿಯೂ ಒಂದು ಗಳಿಗೆ ಯೋಚಿಸಿ ಹತ್ತುತ್ತಿತ್ತು.

ಆ ವರ್ಷ ಗಂಗಾಧರಸ್ವಾಮಿ ಮೈಸೂರಿನ ವಕೀಲರೊಬ್ಬರಿಂದ ಹಳೆಯ ಬಿಳಿ ಅಂಬಾಸಿಡರ್ ಕೊಂಡ. ಬೇರೆಯವರ ಕೈಗೆ ಸ್ಟೇರಿಂಗ್ ಕೊಡಲು ಮನಸ್ಸಾಗದೆ ತಾನೇ ಓಡಿಸುವುದು ಕಲಿತ. ಒಂದು ಬೆಳಿಗ್ಗೆ ಅಂಗಡಿ ಮುಂದೆ ನಿಲ್ಲಿಸಿದ.

“ಏನ್ಲಾ ಸಿದ್ದ, ಬ್ರೇಕ್ ಲೈಟು ಉರೀತಿಲ್ಲ ಅಂತವ್ರೆ. ನೋಡು” ಎಂದವನು ಎದುರಿನ ಹೋಟೆಲಿಗೆ ಹೋಗಿ ಕೂತ.

ಸಿದ್ದರಾಜು ಕೆಂಪು ಗಾಜು ಬಿಚ್ಚಿದ. ಹೋಲ್ಡರು ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಬಲ್ಬು ತಿರುಗಿಸಿ ಕೂರಿಸಿ, ಬಾಯಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ “ತುಳಿ” ಅಂದ. ಮಂಚಮ್ಮ ಬಾಗಿಲು ತೆಗೆದು ಕೂತಳು. ಎಲ್ಲ ಗಾಡಿಯಲ್ಲೂ ಕೂರುವ ಹಾಗೆ ಕೂತಳು. ತುಳಿದಳು. ಎಡಗಡೆಯ ಬಲ್ಬು ಹತ್ತಿತು.

ಗಂಗಾಧರಸ್ವಾಮಿ ಕಾಫಿ ಲೋಟ ಹಿಡಿದೇ ರಸ್ತೆ ದಾಟಿ ಬಂದ.

“ಇಳಿಯಮ್ಮಿ ಕೆಳಗೆ.”

“ಒಂದ್ನಿಮ್ಸ ಸಾ, ಬಲಗಡೇದು ನೋಡ್ಬೇಕು.”

“ಇಳಿ ಅಂದ್ರೆ ಇಳೀಬೇಕು. ಯಾರ ಸೀಟು ಅನ್ಕಂಡಿದ್ದೀಯೆ ಅದು? ನಮ್ಮವ್ವ ಪೂಜೆ ಮಾಡ್ಸಿರೋ ಗಾಡಿ. ಕೇರಿಯೋಳು ಬಂದು ಅಂಡೂರ್ಕಂಡು ಕೂತವ್ಳಲ್ಲ.”

ಕಂಕುಳಲ್ಲಿದ್ದ ಕೊಡೆ ತೆಗೆದು ಅದರ ತುದಿಯಿಂದ ಅವಳ ತೋಳಿಗೆ ತಿವಿದ. ಕೈ ಹಿಡಿದು ಎಳೆಯುವ ಹಾಗಿರಲಿಲ್ಲ, ಎಳೆದರೆ ಮುಟ್ಟಬೇಕಲ್ಲ. ಮಂಚಮ್ಮ ಇಳಿದಳು. ಅಷ್ಟಕ್ಕೆ ಅವನು ಬಿಡಲಿಲ್ಲ. ಹೋಟೆಲಿನ ಡ್ರಮ್ಮಿನಿಂದ ಬಕೆಟ್ಟಿನಲ್ಲಿ ನೀರು ತಂದ. ಆಳಿಗೆ ಹೇಳಲಿಲ್ಲ, ತಾನೇ ತಂದ. ಸೀಟಿಗೆ ಸುರಿದ, ಸ್ಟೇರಿಂಗಿಗೆ ಸುರಿದ, ಪೆಡಲಿಗೆ ಸುರಿದ. ಮೈಲಿಗೆ ಎಲ್ಲಿವರೆಗೆ ಹರಿದಿದೆಯೋ ಎಂಬ ಅನುಮಾನಕ್ಕೆ ಹೊರಗಡೆಯೂ ಮೂತಿಯಿಂದ ಬಾಲದವರೆಗೆ ಸುರಿದ. ಹಿಂದೆ ನಿಂತಿದ್ದ ಸಿದ್ದರಾಜುವಿನ ಅಂಗಿಯೂ ನೆನೆಯಿತು. ಬಸ್ಸು ಕಾಯುತ್ತಿದ್ದ ಜನ ನೋಡುತ್ತ ನಿಂತರು. ಯಾರೋ ನಕ್ಕರು. ಕೆಸರು ನೀರು ಮಂಚಮ್ಮನ ಕಾಲ್ಬೆರಳುಗಳ ಮೇಲೆ ಹರಿಯಿತು. ಅವಳಿಗೆ ಆ ಬಕೆಟ್ಟನ್ನು ಕಿತ್ತು ಅವನ ತಲೆಯ ಮೇಲೆ ಕವುಚಬೇಕು ಅನ್ನಿಸಿತು. ಕವುಚಲಿಲ್ಲ. ಕವುಚಲಿಲ್ಲವಲ್ಲ ಎಂದು ಆಮೇಲೆ ಬಹಳ ದಿನ ತನ್ನನ್ನು ತಾನೇ ಬೈದುಕೊಂಡಳು.

ಕಾರು ನೀರು ಸುರಿಸಿಕೊಂಡು ಹೊರಟುಹೋಯಿತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂಚಮ್ಮ ಕಾಲಿನ ಕೆಸರು ಒರೆಸಿಕೊಳ್ಳುತ್ತ ಕೇಳಿದಳು.

“ಇಂದ್ಗಡೆ ಗಾಜು ಬಿಗಿ ಮಾಡಿದ್ಯಾ?”

“ಎಲ್ಲಿ ಮಾಡ್ಲಿ? ಬಿಚ್ಚಿದ್ದಂಗೇ ನೀರು ಉಯ್ದ. ಆಮ್ಯಾಕೆ ಮುಚ್ಚಿ ಎರಡು ತಿರುಪು ಹಾಕ್ದೆ.”

“ಒಳಗೆ ನೀರು?”

“ತುಂಬ್ಕಂಡದೆ.”

ಮಂಚಮ್ಮನಿಗೆ ಅಳು ಬರುವುದರಲ್ಲಿತ್ತು, ಬದಲಿಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ವಾರ ಕಳೆಯುವುದರೊಳಗೆ ಕಾರು ಮತ್ತೆ ಬಂತು. ಹಿಂದಿನ ದೀಪ ಸತ್ತಿತ್ತು. ಹೆಡ್‌ಲೈಟಿನ ಡೂಮುಗಳಲ್ಲೂ ನೀರು ಆಡುತ್ತಿತ್ತು. ಸಿದ್ದರಾಜು ಹೇಳಿದ, “ನೀರು ಉಯ್ಯಬ್ಯಾಡಿ ಸಾ. ಗಾಜಿನ ರಬ್ಬರು ಸವದೋಗದೆ.”

“ಅದು ನಂಗೂ ಗೊತ್ತು ಕಣ್ಲಾ. ಅವ್ವ ಕೇಳ್ಬೇಕಲ್ಲ” ಅಂದ ಗಂಗಾಧರಸ್ವಾಮಿ. “ಈಗ ಒಳಗೆ ಕೂರ್ದಂಗೆ ಮಾಡಿ.”

“ಕೂರ್ದೆ ತುಳಿಯೋದು ಎಂಗೆ ಸಾ? ನೀವು ಒಂಚೂರು ತುಳುದ್ರೆ…”

“ನೀನು ತುಳಿ ಅಂದ್ರೆ ನಾನು ತುಳೀಬೇಕೇನ್ಲಾ?”

ಗಂಟು ಇಲ್ಲಿ ಬಿತ್ತು. ಅವರು ಕೂರುವ ಹಾಗಿಲ್ಲ, ಇವನು ಅವರ ಮಾತಿಗೆ ತುಳಿಯುವ ಹಾಗಿಲ್ಲ. ಒಂದಕ್ಕೆ ಮಡಿ ಅಡ್ಡ, ಇನ್ನೊಂದಕ್ಕೆ ಮರ್ಯಾದೆ ಅಡ್ಡ. ಕೊನೆಗೆ ಗಂಗಾಧರಸ್ವಾಮಿಯೇ ಒಂದು ಉಪಾಯ ಕಂಡುಹಿಡಿದ. ಮಿಲ್ಲಿನೊಳಗಿಂದ ಒಂದು ಬಿದಿರು ಗಳು ತರಿಸಿದ. ಮಂಚಮ್ಮ ಹೊರಗೆ ನಿಂತು, ಕಿಟಕಿಯಿಂದ ಗಳು ತೂರಿಸಿ, ಪೆಡಲನ್ನು ಅದರಿಂದ ಒತ್ತಬೇಕು. ಮೈ ಒಳಗೆ ಹೋಗಬಾರದು, ಕೈಯೂ ಹೋಗಬಾರದು, ಗಳು ಮಾತ್ರ ಹೋಗಬೇಕು.

ಮಂಚಮ್ಮ ತೂರಿಸಿದಳು. ಗಳು ಪೆಡಲಿಗೆ ತಾಗುವ ಬದಲು ಹಾರನ್ನಿಗೆ ತಾಗಿತು. ಕಾರು ಭೋಂ ಎಂದು ಕೂಗಿಕೊಂಡಿತು. “ಜಾರ್ತದೆ ಸಾ” ಅಂದಳು. ಮತ್ತೆ ಜಾರಿತು. ಮತ್ತೆ ಕೂಗಿತು. ಆ ಗಳು ಅಷ್ಟೊಂದು ಸಲ ಹಾರನ್ನಿಗೇ ಯಾಕೆ ಜಾರಬೇಕು ಎಂದು ಕೇಳಿದರೆ ಬಿದಿರನ್ನೇ ಕೇಳಬೇಕು. ಹೋಟೆಲಿನವರು, ಬಸ್ಸಿಗೆ ನಿಂತವರು, ಎಲ್ಲರೂ ಏನಾಯಿತೋ ಎಂದು ಬಂದು ನೋಡಿದರು. ಅಂತೂ ಲೈಟು ಹತ್ತಿತು. ಗಂಗಾಧರಸ್ವಾಮಿ ಬೆವರು ಒರೆಸಿಕೊಂಡು ಹೊರಟ.

ಆದರೆ ಮಿಲ್ಲಿನಲ್ಲಿ ಯಾರೋ ಪುಟ್ಟಬಸಮ್ಮನ ಕಿವಿಗೆ ಹಾಕಿದರು. ಮೈ ಹೋಗದಿದ್ದರೇನು, ಅವಳು ಹಿಡಿದ ಗಳು ಒಳಗೆ ಹೋಯಿತಲ್ಲ ಅಂದಳು ಮುದುಕಿ. ಗಂಜಳ ಚಿಮುಕಿಸಿ, ಕೊಡಗಟ್ಟಲೆ ನೀರು ಹೊಯ್ಯಿಸಿದಳು. ದೀಪ ಮತ್ತೆ ಸತ್ತಿತು. ತೊಳೆದಷ್ಟೂ ಕೆಡುತ್ತಿತ್ತು, ಕೆಟ್ಟಷ್ಟೂ ಬರುತ್ತಿತ್ತು, ಬಂದಷ್ಟೂ ತೊಳೆಯುತ್ತಿದ್ದರು. ಗಂಗಾಧರಸ್ವಾಮಿ ಆ ಬೇಸಿಗೆಯಿಂದ ಮಾಗಿಯವರೆಗೆ ಕತ್ತಲಾಗುವ ಮುಂಚೆಯೇ ಮನೆ ಸೇರುವ ಒಳ್ಳೆಯ ಅಭ್ಯಾಸ ಮಾಡಿಕೊಂಡ.

ಮಾಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಶುರುವಾದವು. ತಿಮ್ಮಯ್ಯ ಎಂಬವನ ಟ್ರ್ಯಾಕ್ಟರ್ ಒಂದು ಸಂಜೆ ಅಂಬಾಸಿಡರಿನ ಬೆನ್ನಿಗೇ ಬಂದುಬಿಟ್ಟಿತ್ತು. ಮುಂದಿನ ಗಾಡಿ ಬ್ರೇಕ್ ಹಾಕಿದ್ದು ಅವನಿಗೆ ಗೊತ್ತಾದರೆ ತಾನೇ? ಪಕ್ಕದ ಗದ್ದೆಗೆ ಇಳಿಸಿಕೊಂಡು ಹೇಗೋ ತಪ್ಪಿಸಿದ. ಹಿಂದಿನ ಸೀಟಿನಲ್ಲಿ ಪುಟ್ಟಬಸಮ್ಮ ಇದ್ದಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ.

ಮರುದಿನವೇ ನರಸೀಪುರಕ್ಕೆ ಹೋಗಬೇಕಿತ್ತು. ಗಂಗಾಧರಸ್ವಾಮಿಯ ಮಗ ರುದ್ರೇಶನಿಗೆ ಹೆಣ್ಣು ಗೊತ್ತಾಗಿತ್ತು, ಹಿರಿಯರು ವೀಳ್ಯ ಬದಲಾಯಿಸಿಕೊಂಡು ಬರಬೇಕು. ನೆಂಟರೆಲ್ಲ ವ್ಯಾನಿನಲ್ಲಿ ಮುಂಚೆಯೇ ಹೋಗಿದ್ದರು. ಪುಟ್ಟಬಸಮ್ಮ, ಗಂಗಾಧರಸ್ವಾಮಿ ಇಬ್ಬರೇ ಕಾರಿನಲ್ಲಿ. ಹೋಗುವಾಗ ಬೆಳಕಿರುತ್ತದೆ, ಬರುವಾಗ ಕತ್ತಲೆ, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಲೈಟು ಇಲ್ಲದೆ ನಾನು ಹತ್ತುವುದಿಲ್ಲ ಎಂದು ಮುದುಕಿ ಹಟ ಹಿಡಿದಳು. ಮಧ್ಯಾಹ್ನ ಇಳಿಹೊತ್ತಿಗೆ ಅಂಬಾಸಿಡರ್ ಅಂಗಡಿ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಪುಟ್ಟಬಸಮ್ಮ, ಮಡಿಲಲ್ಲಿ ಹಣ್ಣು ಕಾಯಿಯ ತಟ್ಟೆ. ಊರಿನ ಇನ್ನೊಬ್ಬ ಲೈಟಿನವನು ಅಂಗಡಿ ಮುಚ್ಚಿ ಮೈಸೂರು ಸೇರಿ ಆಗಲೇ ತಿಂಗಳುಗಳಾಗಿದ್ದವು.

“ನೀವ್ಯಾರೂ ಮುಂದೆ ಕೂರಕೂಡದು” ಎಂದು ಮುದುಕಿ ಒಳಗಿಂದಲೇ ಅಪ್ಪಣೆ ಕೊಟ್ಟಳು. “ಆ ಗಳೂ ಬ್ಯಾಡ.”

ಸಿದ್ದರಾಜು ಹಿಂದಿನದು, ಮುಂದಿನದು ಎಲ್ಲ ಬಿಚ್ಚಿ ಒಣಗಿಸಿದ. ಕರಗಿದ ವೈರು ಕತ್ತರಿಸಿ ಹೊಸದು ಹೆಣೆದ. ಡೂಮು ಎರಡನ್ನೂ ಬದಲಾಯಿಸಿದ. ಎದುರಿನವರ ಕಣ್ಣಿಗೆ ಹೊಡೆಯದಿರಲೆಂದು ಹೊಸ ಹೆಡ್‌ಲೈಟಿನ ಮೇಲರ್ಧಕ್ಕೆ ಮಂಚಮ್ಮ ಕಪ್ಪು ಬಣ್ಣ ಬಳಿದಳು. ಇನ್ನು ಉಳಿದದ್ದು ತುಳಿಯುವುದು. ಗಂಗಾಧರಸ್ವಾಮಿ ಸುತ್ತ ನೋಡಿದ. ಮಿಲ್ಲಿನಲ್ಲಿ ಮೂಟೆ ಹೊರುವವರೆಲ್ಲ ಕೇರಿಯವರು. ಮಿಲ್ಲಿನ ರೈಟರು ನೆಂಟರ ಜೊತೆ ವ್ಯಾನಿನಲ್ಲಿ ಹೋಗಿದ್ದ. ಹೋಟೆಲಿನ ಮುಂದೆ ತಿಮ್ಮಯ್ಯ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದ.

“ತಿಮ್ಮಯ್ಯ, ಬಾರಪ್ಪ, ಒಂಚೂರು ಬ್ರೇಕ್ ತುಳಿ.”

“ಮಂಡಿ ನೋವು ಕಣಣ್ಣ” ಅಂದ ತಿಮ್ಮಯ್ಯ. ಬೆಳಗಿನಿಂದ ಟ್ರ್ಯಾಕ್ಟರಿನ ಕ್ಲಚ್ಚು ಬ್ರೇಕು ತುಳಿದ ಮಂಡಿ ಅದು. “ಹೋಟ್ಲು ಬೆಂಚಿಂದ ಎದ್ದೇಳಾಕೂ ಆಗ್ತಿಲ್ಲ.” ಬೆಂಚಿನ ಮೇಲಿದ್ದ ಉಳಿದವರೂ ಟೀ ಲೋಟದೊಳಗೆ ಮುಖ ಹುದುಗಿಸಿದರು.

ಗಂಗಾಧರಸ್ವಾಮಿ ಪೆಟ್ಟಿಗೆ ಅಂಗಡಿಯ ಮರೆಗೆ ಬಂದು ಮಂಚಮ್ಮನನ್ನು ಕರೆದ. ಅಮ್ಮಿ ಅನ್ನಲಿಲ್ಲ, ಹೆಸರು ಹಿಡಿದು ಕರೆದ. ದನಿ ತಗ್ಗಿಸಿದ್ದ.

“ನೋಡು ಮಂಚಮ್ಮ. ಅವ್ವನ್ನ ಮಿಲ್ಲೊಳಕ್ಕೆ ಕರ್ಕಂಡೋಗಿ ಕೂರಿಸ್ತೀನಿ. ನೀನು ಬಿರ್ರನೆ ಕೂತು ತುಳುದ್ಬುಟ್ಟು ಇಳ್ಕೊ. ಯಾರ್ಗೂ ಗೊತ್ತಾಗದು ಬ್ಯಾಡ.”

ಮಂಚಮ್ಮ ಕೈಗೆ ಮೆತ್ತಿದ್ದ ಕಪ್ಪು ಬಣ್ಣವನ್ನು ಬಟ್ಟೆಯಲ್ಲಿ ಒರೆಸಿಕೊಂಡಳು. ನಿಧಾನವಾಗಿ ಒರೆಸಿಕೊಂಡಳು.

“ಕೂರಾಕಿಲ್ಲ ಸಾ.”

“ಯಾಕಮ್ಮಿ? ನಾನೇ ಕೂತ್ಕೊ ಅಂತಿವ್ನಲ್ಲ.”

“ಅವತ್ತು ನಾಕ್ ಜನದ ಮುಂದೆ ಇಳ್ಸುದ್ರಿ. ನಾಕ್ ಜನದ ಮುಂದೆ ತೊಳುದ್ರಿ. ಇವತ್ತು ಕದ್ದು ಕೂತ್ಕೊ ಅಂತೀರಿ. ನಾನೇನು ಕಳ್ಳಿಯಾ?”

“ಮತ್ತೇನ್ ಮಾಡು ಅಂತೀಯೆ?”

“ಅಲ್ಲಿ ನಿಂತವ್ರಲ್ಲ ಜನ, ಅವ್ರಿಗೆಲ್ಲ ಕೇಳಂಗೆ ಯೋಳಿ. ಮಂಚಮ್ಮ ಕೂತ್ಕೊ, ನೀನು ಎದ್ದೋದ್ಮೇಲೆ ಗಾಡಿ ತೊಳ್ಯಾಕಿಲ್ಲ ಅಂತ. ಅಷ್ಟೇಯ. ಕೂತ್ಕತೀನಿ.”

ಗಂಗಾಧರಸ್ವಾಮಿ ಕಾರಿನ ಕಡೆ ನೋಡಿದ. ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು.

“ಅದಾಗಾಕಿಲ್ಲ.”

“ಆಗ್ದಿದ್ರೆ ನೀವೇ ತುಳೀರಿ. ನಾನು ಇಂದೆ ನಿಂತ್ಕಂಡು ನೋಡ್ತೀನಿ.”

“ಈ ಪೆಟ್ಟಿಗೆ ಯಾರ ಗೋಡೆಗೆ ಒರಗದೆ ಅನ್ನೋದು ಮರ್ತೋಯ್ತಾ ನಿಂಗೆ? ನಾಳೆ ಬೆಳಿಗ್ಗೆ ಇರಾಕಿಲ್ಲ ಇದು.”

ಮಂಚಮ್ಮ ಪೆಟ್ಟಿಗೆಯ ಕಡೆ ನೋಡಿದಳು. ಅಂಗಡಿ ಹೋದರೆ ಮತ್ತೆ ಕಬ್ಬಿನ ಗದ್ದೆ. ಮತ್ತೆ ಕೂಳೆ, ಮತ್ತೆ ಹೊರೆ, ಮತ್ತೆ ಇವನದೇ ಬದು. ಹಿಮ್ಮಡಿಯ ಹಳೆಯ ಸೀಳು ಜುಮ್ಮೆಂದಿತು. ಅವಳು ಗಂಡನ ಕಡೆ ನೋಡಿದಳು. ಜಗಳ ಬೇಡ ಅನ್ನುತ್ತಾನೆ, ಕೂತು ತುಳಿದು ಬಿಡು ಅನ್ನುತ್ತಾನೆ ಎಂದುಕೊಂಡಳು. ಹಾಗೆ ಅಂದುಬಿಟ್ಟರೆ ಏನು ಹೇಳುವುದೆಂದೂ ಅವಳಿಗೆ ಗೊತ್ತಿರಲಿಲ್ಲ.

ಸಿದ್ದರಾಜು ಬಾಯಿಂದ ಸ್ಕ್ರೂಡ್ರೈವರ್ ತೆಗೆದ. ಅಂಗಿಗೆ ಒರೆಸಿ ಪೆಟ್ಟಿಗೆಯೊಳಗಿಟ್ಟ. ಹಳೆಯ ಟೈರೊಂದರ ಮೇಲೆ ಕೂತುಕೊಂಡ.

“ಅವ್ಳು ಯೋಳ್ದಂಗೆ ಸಾ” ಅಂದ.

ಮಂಚಮ್ಮನಿಗೆ ಅಷ್ಟು ಸಾಕಾಯಿತು.

“ನಾಳೆ ಇರಾಕಿಲ್ಲ ಅನ್ನೋದು ನಾಳೆ ಮಾತು. ಇವತ್ತು ಲೈಟು ಉರೀಬೇಕೋ ಬ್ಯಾಡ್ವೋ ಅದು ಯೋಳಿ.”

ಬಿಸಿಲು ಇಳಿಯುತ್ತಿತ್ತು. ನರಸೀಪುರದಲ್ಲಿ ನೆಂಟರು ಕಾಯುತ್ತಿದ್ದರು. “ಏನ್ಲಾ ಅದು, ಒತ್ತಾಯ್ತು” ಎಂದು ಮುದುಕಿ ಕೂಗಿದಳು. ಗಂಗಾಧರಸ್ವಾಮಿಯ ಮುಂದೆ ಎರಡು ದಾರಿ ಇದ್ದವು. ಒಂದು ಮಾತು ಆಡುವುದು, ಇಲ್ಲವೇ ಒಂದು ಪೆಡಲು ತುಳಿಯುವುದು. ಆ ಮಾತು ಆಡುವುದಕ್ಕಿಂತ ಅವನಿಗೆ ತುಳಿಯುವುದೇ ಸುಲಭ ಅನ್ನಿಸಿತು. ಅವರ ಮಡಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ಮಂಚಮ್ಮನಿಗೆ ಬಕೆಟ್ಟು ನೀರು ಸುರಿದಾಗಲೂ ಇಷ್ಟು ಸರಿಯಾಗಿ ಗೊತ್ತಾಗಿರಲಿಲ್ಲ.

ಅವನು ಹೋಗಿ ಕೂತ. ಬಾಗಿಲು ಜೋರಾಗಿ ಹಾಕಿಕೊಂಡ. ಮಂಚಮ್ಮ ಕಾರಿನ ಹಿಂದೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತಳು. ಗಂಟಲು ಸರಿಮಾಡಿಕೊಂಡಳು.

“ಬ್ರೇಕ್ ತುಳೀರಿ, ಬುದ್ಧಿ.”

ಹೋಟೆಲಿನ ಮುಂದಿನ ಮಾತೆಲ್ಲ ನಿಂತಿತು. ಇಷ್ಟು ವರ್ಷ ಅವನು ಕೇಳಬೇಕೆಂದಿದ್ದ ಪದ ಕೊನೆಗೂ ಅವಳ ಬಾಯಿಂದ ಬಂದಿತ್ತು. ಬಂದ ರೀತಿ ಮಾತ್ರ ಅವನು ಎಣಿಸಿದ ಹಾಗಿರಲಿಲ್ಲ. ಕೆಂಪು ದೀಪ ಹತ್ತಿತು.

“ಬಿಡಿ, ಬುದ್ಧಿ.”

ದೀಪ ಆರಿತು.

“ತುಳೀರಿ. ಇನ್ನೂ ಗಟ್ಟಿಯಾಗಿ ತುಳೀರಿ. ಊಟ ಮಾಡಿಲ್ವಾ ಬುದ್ಧಿ?”

ತಿಮ್ಮಯ್ಯ ಎದ್ದು ನಿಂತ. ಮಂಡಿ ನೋವು ಪೂರಾ ವಾಸಿಯಾಗಿತ್ತು. ಬಸ್ಸು ಬಂದು ನಿಂತಿತು, ಹತ್ತಬೇಕಾದವರು ಹತ್ತಲಿಲ್ಲ. ಕಂಡಕ್ಟರನೂ ಬಾಗಿಲಲ್ಲಿ ನಿಂತು ನೋಡಿದ.

“ಎಡಗಡೆ ಇಂಡಿಕೇಟರ್ ಹಾಕಿ. ಎಡಗಡೆ ಅಂದೆ ಬುದ್ಧಿ, ಅದು ಬಲಗಡೆ. ಉಣ್ಣೋ ಕೈ ಬಲಗಡೇದು. ಆಂ, ಈಗ ಸರಿ. ಈಗ ಮುಂದಿನ ಲೈಟು. ಡಿಪ್ಪು ಮಾಡಿ. ಡಿಮ್ಮು ಮಾಡಿ.”

ಹಳೆಯ ಅಂಬಾಸಿಡರಿನಲ್ಲಿ ಹೆಡ್‌ಲೈಟಿನ ಬೆಳಕು ಏರಿಸಿ ಇಳಿಸುವ ಡಿಪ್ಪು ಡಿಮ್ಮಿನ ಸ್ವಿಚ್ಚು ನೆಲದಲ್ಲಿ, ಎಡಗಾಲಿಗೆ ಸಿಗುವ ಹಾಗೆ ಇತ್ತು. ಎಡಗಾಲಿನಲ್ಲಿ ಡಿಪ್ಪು, ಬಲಗಾಲಿನಲ್ಲಿ ಬ್ರೇಕು. ಮಂಚಮ್ಮ ಒಮ್ಮೆ ಕಾರಿನ ಮುಂದೆ ಬರುತ್ತಿದ್ದಳು, ಒಮ್ಮೆ ಹಿಂದೆ ಹೋಗುತ್ತಿದ್ದಳು. ಅವಳು ನಡೆದಾಡಿದ ಹಾಗೆ ಗಂಗಾಧರಸ್ವಾಮಿಯ ಕಾಲುಗಳು ಒಳಗೆ ಕುಣಿಯುತ್ತಿದ್ದವು.

“ಎಲ್ಲಾ ಉರೀತದೆ ಕಣಮ್ಮಿ. ಸಾಕು ಬುಡು” ಎಂದು ಸಿದ್ದರಾಜು ಮೆಲ್ಲಗೆ ಹೇಳಿದ.

“ನಂಗೂ ಕಾಣ್ತದೆ. ಸುಮ್ಕಿರು” ಎಂದು ಅವಳು ಅಷ್ಟೇ ಮೆಲ್ಲಗೆ ಹೇಳಿ, ಮತ್ತೆ ದನಿ ಎತ್ತಿದಳು. “ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದ್ದಂಗದೆ. ಇನ್ನೊಂದ್ಸಲ ತುಳೀರಿ, ಬುದ್ಧಿ.”

ಪುಟ್ಟಬಸಮ್ಮನಿಗೆ ಕಿವಿ ಅಷ್ಟಕ್ಕಷ್ಟೆ. ಆದರೂ ಇದು ಕೇಳಿಸಿತು.

“ಯಾರ್ಲಾ ಅದು ಗಂಗಾಧರ, ನಿನ್ ಮ್ಯಾಲೆ ಅಷ್ಟೊಂದು ಜಬರ್ದಸ್ತು ಮಾಡ್ತಿರೋದು?”

“ಯಾರೂ ಇಲ್ಲ, ಸುಮ್ಕೆ ಕೂತ್ಕೊಳವ್ವ” ಅಂದ ಗಂಗಾಧರಸ್ವಾಮಿ. ಆ ಮಾತಿಗೆ ಬಸ್ಸಿನವರೆಗೂ ನಗು ಎದ್ದಿತು.

ಹೊರಡುವಾಗ ಮಂಚಮ್ಮ ಕಿಟಕಿಯ ಹತ್ತಿರ ಬಂದಳು. ತುಸು ದೂರದಲ್ಲೇ, ಅವನು ಕೊಡೆಯಿಂದ ತಿವಿಯುವಷ್ಟು ದೂರದಲ್ಲಿ ನಿಂತಳು.

“ಇವತ್ತು ಸೀಟು ನಾವ್ಯಾರೂ ಮುಟ್ಟಿಲ್ಲ ಸಾ. ಮನೆಗೋಗಿ ತೊಳೆಯೋದಾದ್ರೆ ಏನು ತೊಳೀತೀರಿ?”

ಅವನು ಕಿಟಕಿಯ ಗಾಜು ಏರಿಸಿಕೊಂಡ. ಕಾರು ಹೊರಟಿತು. ಹಂಪಿನ ಹತ್ತಿರ ಬ್ರೇಕ್ ಹಾಕಿದಾಗ ಎರಡೂ ಕಡೆ ಕೆಂಪು ದೀಪ ಚೆನ್ನಾಗಿ ಉರಿಯಿತು.

ಗಂಗಾಧರಸ್ವಾಮಿ ಮಾತಿಗೆ ತಪ್ಪುವವನಲ್ಲ, ಇಂಥ ಮಾತಿಗೆ ಮಾತ್ರ. ಮರುದಿನ ಬೆಳಿಗ್ಗೆ ಮಂಚಮ್ಮ ಸಿದ್ದರಾಜು ಬರುವ ಹೊತ್ತಿಗೆ ಪೆಟ್ಟಿಗೆ ಅಂಗಡಿ ರಸ್ತೆ ಪಕ್ಕದ ಹಳ್ಳದಲ್ಲಿ ಅಂಗಾತ ಬಿದ್ದಿತ್ತು. ಬಲ್ಬುಗಳು ಪುಡಿಯಾಗಿದ್ದವು. ತಂತಿಗೆ ಪೋಣಿಸಿದ್ದ ಡೂಮುಗಳನ್ನು ಕಲ್ಲಿನಿಂದ ಒಂದೊಂದಾಗಿ ಒಡೆದಿದ್ದರು. ಸಿದ್ದರಾಜು ಹಳ್ಳಕ್ಕೆ ಇಳಿದು ಮಣ್ಣಿನಲ್ಲಿ ಸ್ಕ್ರೂಡ್ರೈವರ್ ಹುಡುಕಿದ. ಮಂಚಮ್ಮ ಗಾಜು ಆರಿಸಲು ಹೋಗಿ ಅಂಗೈ ಕುಯ್ದುಕೊಂಡಳು. ರಕ್ತ ಕಂಡ ಮೇಲೆ ಅವಳಿಗೆ ಅಳು ಬಂತು. ಜೋರಾಗಿ ಅತ್ತಳು. ಅವನ ಮನೆ ಹಾಳಾಗ, ಅವನ ಮಿಲ್ಲಿಗೆ ಬೆಂಕಿ ಬೀಳ ಎಂದು ಗೋಡೆಯ ಕಡೆ ತಿರುಗಿ ಬೈದಳು. ಗೋಡೆ ಸುಮ್ಮನೆ ಕೇಳಿಸಿಕೊಂಡಿತು.

ತಿಮ್ಮಯ್ಯನ ಟ್ರ್ಯಾಕ್ಟರ್ ಬಂತು. ಅವನು ಇಳಿದು, ಹಳ್ಳ ನೋಡಿದ, ಪೆಟ್ಟಿಗೆ ನೋಡಿದ.

“ಎಲ್ಲಿಗೆ ಎಳೀಲಿ ಮಂಚಕ್ಕ?”

ಮಂಚಮ್ಮ ಮೂಗು ಒರೆಸಿಕೊಂಡು ರಸ್ತೆಯ ಉದ್ದಕ್ಕೂ ನೋಡಿದಳು. ನರಸೀಪುರದ ಕಡೆ ನೋಡಿದಳು, ಊರಿನ ಕಡೆ ನೋಡಿದಳು. ಆಮೇಲೆ ಅವಳ ಕಣ್ಣು ಒಂದು ಕಡೆ ನಿಂತಿತು. ಗಂಗಾಧರಸ್ವಾಮಿಯ ಬೀದಿಯ ತಿರುವಿನಲ್ಲಿ, ಹಂಪಿನ ಪಕ್ಕದಲ್ಲೇ, ಸರ್ಕಾರದ ಹುಣಸೆಮರವೊಂದಿತ್ತು. ಅಲ್ಲಿ ಯಾರ ಗೋಡೆಯೂ ಇರಲಿಲ್ಲ.

“ಅಲ್ಲಿಗೆ” ಅಂದಳು.

ಅಂದಿನಿಂದ ಗಂಗಾಧರಸ್ವಾಮಿ ಮನೆಯಿಂದ ಹೊರಟರೂ ಹಂಪು, ಮನೆಗೆ ಬಂದರೂ ಹಂಪು, ಹಂಪಿನ ಪಕ್ಕದಲ್ಲಿ ಹಸಿರು ಪೆಟ್ಟಿಗೆ. ಅಲ್ಲಿ ಬ್ರೇಕ್ ಹಾಕದೆ ಗತಿಯಿಲ್ಲ. ಕಾರು ದೂರದಲ್ಲಿ ಕಂಡ ಕೂಡಲೇ ಮಂಚಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಹಂಪಿಗೆ ಇನ್ನು ಒಂದು ಮಾರು ಇದೆ ಅನ್ನುವಾಗ, “ತುಳೀರಿ, ಬುದ್ಧಿ” ಅನ್ನುತ್ತಿದ್ದಳು. ಕೆಂಪು ದೀಪ ಹತ್ತುತ್ತಿತ್ತು. ಕಾರು ಹತ್ತಿ ಇಳಿದ ಮೇಲೆ, “ಬಿಡಿ, ಬುದ್ಧಿ” ಅನ್ನುತ್ತಿದ್ದಳು. ದೀಪ ಆರುತ್ತಿತ್ತು. ಮರದ ನೆರಳಿಗೆ ಬಂದು ಬಸ್ಸಿಗೆ ಕಾಯುವವರು ಇದನ್ನು ನೋಡಲೆಂದೇ ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗುವುದೂ ಇತ್ತು. ಹಂಪು ತೆಗೆಸಬೇಕೆಂದು ಗಂಗಾಧರಸ್ವಾಮಿ ಯೋಚಿಸಿದ. ಪುಟ್ಟಬಸಮ್ಮ ಒಪ್ಪಲಿಲ್ಲ. ನನ್ನನ್ನು ಲಾರಿ ಕೆಳಗೆ ಹಾಕಬೇಕು ಅಂತ ಮಾಡಿದ್ದೀಯಾ ಎಂದು ಕೇಳಿದಳಂತೆ.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಮಂಚಮ್ಮ ಎದ್ದು ನಿಂತದ್ದು ಕಂಡಿತು. ಅವಳ ಬಾಯಿ ತೆರೆದದ್ದೂ ಕಂಡಿತು. ಇವಳು ಹೇಳಿದ ಹಾಗೆ ತುಳಿಯುವವನು ನಾನಲ್ಲ ಎಂದು ಹಲ್ಲು ಕಚ್ಚಿಕೊಂಡು ಬ್ರೇಕ್ ಮುಟ್ಟದೆ ನುಗ್ಗಿಸಿದ. ಅಂಬಾಸಿಡರ್ ಎದ್ದು ಬಿತ್ತು. ಅವನ ತಲೆ ಮೇಲಿನ ತಗಡಿಗೆ ಹೊಡೆಯಿತು. ಹಿಂದಿನಿಂದ ಏನೋ ಕಳಚಿ ಉರುಳಿ ಮಂಚಮ್ಮನ ಕಾಲ ಹತ್ತಿರ ಬಂದು ನಿಂತಿತು. ಕೆಂಪು ಗಾಜು. ವೈರಿನ ತುದಿಗೆ ಹೋಲ್ಡರು ಮಾತ್ರ ಹೊರಗೆ ನೇತಾಡುತ್ತಿತ್ತು.

ಕಾರು ತುಸು ಮುಂದೆ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಹುಣಸೆಮರದ ಕೆಳಗೆ ನಿಂತಿತು. ಗಂಗಾಧರಸ್ವಾಮಿ ಇಳಿದ. ಹಣೆಯ ಮೇಲೆ ಬೋರೆ ಎದ್ದಿತ್ತು. ಸಿದ್ದರಾಜು ಎದ್ದು, ಸ್ಕ್ರೂಡ್ರೈವರ್ ಬಾಯಿಗೆ ಕಚ್ಚಿಕೊಂಡು ಕಾರಿನ ಹಿಂದೆ ಹೋದ. ಮಂಚಮ್ಮ ಗಾಜನ್ನು ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಟ್ಟು, ಮತ್ತೆ ಬಂದು ಪೆಟ್ಟಿಗೆಗೆ ಒರಗಿ ನಿಂತಳು. ಹೋಲ್ಡರು ಕೂತಿತು, ಬಲ್ಬು ಕೂತಿತು, ಗಾಜು ಕೂತಿತು. ಇನ್ನು ತುಳಿಯಬೇಕು.

ಬಸ್ಸಿಗೆ ಕಾಯುವವರೆಲ್ಲ ಇತ್ತ ತಿರುಗಿದ್ದರು. ಗಂಗಾಧರಸ್ವಾಮಿ ಅವರನ್ನು ನೋಡಿದ, ಪೆಡಲಿನ ಕಡೆ ನೋಡಿದ. ಡ್ರೈವರ್ ಸೀಟಿನ ಬಾಗಿಲು ತೆಗೆದು, ಕೂರದೆ, ಅದನ್ನು ಹಿಡಿದುಕೊಂಡೇ ನಿಂತ. ನೆಲ ನೋಡುತ್ತ, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ ಅಂದ.

“ಕೂತ್ಕೊ ಮಂಚಮ್ಮ. ತೊಳ್ಯಾಕಿಲ್ಲ.”

ಮಂಚಮ್ಮ ಕಿವಿಗೆ ಅಂಗೈ ಆನಿಸಿದಳು.

“ಬಸ್ಸು ಓಗ್ತಾ ಇತ್ತು ಸಾ, ಕೇಳಿಸ್ನಿಲ್ಲ. ಇನ್ನೊಂದ್ಸಲ ಯೋಳಿ, ಜೋರಾಗಿ.”

ರಸ್ತೆಯಲ್ಲಿ ಬಸ್ಸು ಇರಲಿಲ್ಲ.